ಮನೆಮಾತು: ಹಳೇ ವಿಡಿಯೋ ಗೇಮ್ ಗುಜರಿಗೆ ಹಾಕುವ ಮುನ್ನ



ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೂಸ್ಟು ಬಾರದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ನಡುಮನೆಗೆ ಬನ್ನಿ. ವಿಷಯ ಕೇಳಿ ನಗಬೇಡಿ. ವಿಡಿಯೋ ಗೇಮು! "ಈ ವಯಸ್ಸಿಗೆ ಇವಳಿಗೇನು ಬಂತಪ್ಪಾ" ಅಂತೀರಿ. ನಮ್ಮವರೂ ಹಾಗೇ ಅಂದರು. ಆದರೆ ನನ್ನ ಹಾಗೆ ನಲವತ್ತು ದಾಟಿದವರು ಕೊಂಚ ನೆನಪು ಮಾಡಿಕೊಳ್ಳಿ. 1990ರ ಆಚೀಚೆ ಬೇಸಿಗೆ ರಜೆ ಬಂತೆಂದರೆ ಬೀದಿಗೊಂದು ಮನೆಯಲ್ಲಿ ಟಿವಿ ಮುಂದೆ ಮಕ್ಕಳ ಸಂತೆ ನೆರೆಯುತ್ತಿರಲಿಲ್ಲವೆ? ಮೀಸೆ ಬಿಟ್ಟ ಆ ಕುಳ್ಳ ಮಾರಿಯೋ ಇಟ್ಟಿಗೆಗೆ ತಲೆ ಹೊಡೆದು ನಾಣ್ಯ ಉದುರಿಸುತ್ತಿದ್ದದ್ದು ಯಾರಿಗೆ ಮರೆತೀತು?

ನಮ್ಮ ಮನೆಗೆ ಅದು ಬಂದದ್ದು 1992ರಲ್ಲಿ. ನನ್ನ ತವರು ತರೀಕೆರೆ. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ. ಆ ಸಂತೋಷಕ್ಕೆ ಅಪ್ಪ ಬೆಂಗಳೂರಿಂದ ಸೆಟ್ಟು ತಂದರು. ಕೆನೆಬಣ್ಣದ ಪೆಟ್ಟಿಗೆ, ಮೇಲೆ ಕುಂಕುಮ ಕೆಂಪಿನ ಪಟ್ಟಿ. ಎರಡು ರಿಮೋಟು, ಸೋಪಿನ ಡಬ್ಬಿಯಂಥ ಒಂದು ಕ್ಯಾಸೆಟ್ಟು. ಟಿವಿಯ ಏರಿಯಲ್ ತೂತಿಗೆ ವೈರು ಸಿಕ್ಕಿಸಿ, ಚಾನೆಲ್ ತಿರುಗಿಸಿ ತಿರುಗಿಸಿ ಚಿತ್ರ ಹಿಡಿಯುವುದೇ ಒಂದು ಸಾಹಸ.

ಮಾರಿಯೋ ಆಟದಲ್ಲಿ ಇಬ್ಬರು ಆಡಬಹುದು, ಆದರೆ ಒಟ್ಟಿಗಲ್ಲ. ಮೊದಲನೆಯವರು ಸತ್ತರೆ ಎರಡನೆಯವರಿಗೆ ಸರದಿ. ನಮ್ಮಣ್ಣ ಸಾಯುತ್ತಲೇ ಇರಲಿಲ್ಲ! ಎರಡನೇ ರಿಮೋಟು ಮಡಿಲಲ್ಲಿ ಇಟ್ಟುಕೊಂಡು ಕೂತು ಕೂತು ನನ್ನ ಕಾಲು ಜೋಮು ಹಿಡಿಯುತ್ತಿತ್ತು. ಕೊನೆಗೊಮ್ಮೆ ಅವನು ಗುಂಡಿಗೆ ಬಿದ್ದ ಅನ್ನುವಾಗ ಅಡಿಗೆಮನೆಯಿಂದ ಅಮ್ಮನ ಕೂಗು: "ಏ ಹುಡುಗಿ, ತಟ್ಟೆ ಹಾಕು ಬಾ." ನನ್ನ ಸರದಿಯನ್ನೂ ಅಣ್ಣನೇ ಆಡುತ್ತಿದ್ದ. ಮರುವರ್ಷ ಕಾಂಟ್ರಾ ಆಟದ ಕ್ಯಾಸೆಟ್ಟು ಬಂದ ಮೇಲಷ್ಟೇ ನನಗೂ ಸ್ಥಾನ ಸಿಕ್ಕಿತು. ಅದರಲ್ಲಿ ಇಬ್ಬರೂ ಒಟ್ಟಿಗೇ ಬಂದೂಕು ಹಿಡಿದು ನುಗ್ಗಬಹುದಲ್ಲ!

ಇರಲಿ. ಅಪ್ಪ ಹೋದರು, ಅಮ್ಮನೂ ಹೋದರು. ತರೀಕೆರೆ ಮನೆ ಮಾರುವಾಗ ನನಗೂ ಅಣ್ಣನಿಗೂ ನಾಲ್ಕು ಮಾತು ಬಂತು. ಯಾವ ಮನೆಯಲ್ಲಿ ಬರುವುದಿಲ್ಲ ಹೇಳಿ? ಕಾಗದಕ್ಕೆ ಸಹಿ ಹಾಕಿ ಬಂದೆ. ಅಟ್ಟ ಖಾಲಿ ಮಾಡುವ ದಿನ ಗುಜರಿಯವನ ಗಾಡಿಯಲ್ಲಿ ಹಳೇ ತಗಡಿನ ಡಬ್ಬಗಳ ನಡುವೆ ಆ ಕೆನೆಬಣ್ಣದ ಪೆಟ್ಟಿಗೆ ಕಂಡಿತು. "ಇದೊಂದು ನನಗೆ ಕೊಡಿ" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಆಮೇಲೆ ಮೂರು ಗೌರಿ ಹಬ್ಬಕ್ಕೆ ಅಣ್ಣ ಬರಲಿಲ್ಲ. ಫೋನಿನಲ್ಲೇ ದುಡ್ಡು ಹಾಕಿದ. ಬಾಗಿನ ಫೋನಿನಲ್ಲಿ ಬಂದರೆ ಅದು ಬಾಗಿನವೇ ಸೋದರಿಯರೆ?

ಈ ವರ್ಷ ಬಂದ. ಅತ್ತಿಗೆಯ ಒತ್ತಾಯಕ್ಕೋ ಏನೋ, ಬಂದ. ಊಟ ಆಯಿತು, ಎಲೆ ಅಡಿಕೆ ಆಯಿತು, ಮಾತು ಮಾತ್ರ ಹುಟ್ಟಲೊಲ್ಲದು. ಆಗ ನನ್ನ ಮಗ ದೊಡ್ಡ ಟಿವಿಗೆ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿಸಿದ. ಅವನ ಚಿಕ್ಕಪ್ಪ ಅಮೆರಿಕದಿಂದ ಬರುವಾಗ ತಂದದ್ದು. ಪರದೆ ಮೇಲೆ ಮಾರಿಯೋ! ಅಣ್ಣನ ಮುಖ ಅರಳಿತು. "ಕೊಡೋ ಇಲ್ಲಿ" ಎಂದು ರಿಮೋಟು ತೆಗೆದುಕೊಂಡ. ಮೊದಲ ಗೂಂಬಾಕ್ಕೇ ಡಿಕ್ಕಿ. ಎರಡನೇ ಸಲ ಹೋಗಿ ಗುಂಡಿಯೊಳಗೆ. ಮೂರನೇ ಸಲವೂ ಅದೇ ಗುಂಡಿ. ಮಕ್ಕಳು ಕಿಸಕ್ಕನೆ ನಕ್ಕವು. ಅಣ್ಣ ರಿಮೋಟು ಕೆಳಗಿಟ್ಟು, "ಕೈ ಹೋಯ್ತು ಕಣೇ. ಐವತ್ತರ ಹತ್ತಿರ ಬಂತಲ್ಲ" ಎಂದು ಜಗುಲಿಗೆ ಎದ್ದು ಹೋದ.

ನನಗೆ ಕಸಿವಿಸಿ. ನಾನೂ ಆಡಿ ನೋಡಿದೆ. ನನ್ನದೂ ಅದೇ ಪಾಡು. ಬಣ್ಣ ಅದೇ, ಹಾಡು ಅದೇ, ಇಟ್ಟಿಗೆಯೂ ಅದೇ. ಆದರೂ ಏನೋ ಅವಸರ. ಪಂಕ್ತಿಯಲ್ಲಿ ಹಿಂದೆ ಯಾರೋ ಬಡಿಸಲು ಕಾದು ನಿಂತ ಹಾಗೆ. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ರಂಕಿನಿಂದ ಹಳೇ ಸೆಟ್ಟು ತೆಗೆದು ಅತ್ತೆಯವರ ಕೋಣೆಯ ಡಬ್ಬಾ ಟಿವಿಗೆ ಸಿಕ್ಕಿಸಿದೆ. ಪುಣ್ಯಕ್ಕೆ ಜೀವ ಇತ್ತು! ಮಾರಿಯೋನನ್ನು ಆಟ ಶುರುವಾದ ಕಡೆಯೇ ನಿಲ್ಲಿಸಿ, ಮೇಲೆ ಮೂಲೆಯಲ್ಲಿ ಇಳಿಯುವ ಲೆಕ್ಕವನ್ನು ಗಡಿಯಾರ ಹಿಡಿದು ನೋಡಿದೆ. 400ರಿಂದ 300ಕ್ಕೆ ಇಳಿಯಲು 48 ಸೆಕೆಂಡು. ದೊಡ್ಡ ಟಿವಿಯ ಪುಟ್ಟ ಪೆಟ್ಟಿಗೆಯಲ್ಲಿ ಅದೇ ಲೆಕ್ಕ 40 ಸೆಕೆಂಡು! ಕೈ ಹೋದದ್ದಲ್ಲ ಸೋದರಿಯರೆ, ಆಟವೇ ಬೇರೆ.

ಒಂದೇ ಆಟ, ಎರಡು ನಡೆ

ಮಗನನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಈ ಯಂತ್ರದ ತವರು ಜಪಾನಿನ ಕ್ಯೋಟೋ. ಅಲ್ಲಿಯ ನಿಂಟೆಂಡೊ ಕಂಪನಿ 1889ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಹೂವಿನ ಚಿತ್ರದ ಇಸ್ಪೀಟೆಲೆ! ಮಸಾಯುಕಿ ಉಎಮುರಾ ಎಂಬ ಇಂಜಿನಿಯರು ರೂಪಿಸಿದ 'ಫ್ಯಾಮಿಲಿ ಕಂಪ್ಯೂಟರ್' 1983ರ ಜುಲೈ 15ರಂದು 14,800 ಯೆನ್ನಿಗೆ ಮಾರಾಟಕ್ಕೆ ಬಂತು. 1985ರಲ್ಲಿ ಅದೇ ಯಂತ್ರ ಬೂದುಬಣ್ಣದ ವೇಷ ತೊಟ್ಟು ಅಮೆರಿಕಕ್ಕೆ ಹೋಯಿತು. ಅಲ್ಲಿ ಕ್ಯಾಸೆಟ್ಟನ್ನು ವಿಸಿಆರಿನ ಹಾಗೆ ಮುಂದಿನಿಂದ ತೂರಿಸಬೇಕು. ಜಪಾನಿನ ಕ್ಯಾಸೆಟ್ಟಿಗೆ 60 ಹಲ್ಲು, ಅಮೆರಿಕದ್ದಕ್ಕೆ 72. ಒಂದರದ್ದು ಇನ್ನೊಂದಕ್ಕೆ ಹಿಡಿಸದು. ಇದರೊಳಗಿನ ಚಿಪ್ಪುಗಳ ನಕಲನ್ನು ತೈವಾನಿನಲ್ಲಿ ಮಾಡಿದರು. ನಮ್ಮ ಕಡೆ ಬಂದದ್ದು ಬಹುಪಾಲು ಇಂಥ ನಕಲು ಸೆಟ್ಟುಗಳೇ.

ಈಗ ಮುಖ್ಯ ಮಾತು. ಜಪಾನ್, ಅಮೆರಿಕಗಳ ಹಳೇ ಟಿವಿ ಸೆಕೆಂಡಿಗೆ 60 ಸಲ ಪರದೆಯ ಮೇಲೆ ಚಿತ್ರ ಬರೆಯುತ್ತಿತ್ತು. ನಮ್ಮ ದೇಶದ್ದು 50 ಸಲ. ಈ ಆಟಗಳಿಗೆ ಪರದೆಯ ಒಂದೊಂದು ಸುತ್ತೇ ಒಂದೊಂದು ಹೆಜ್ಜೆ. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಒಂದು ಸುತ್ತಿಗೆ ಇಷ್ಟೇ ಹಿಟ್ಟು. ನಿಧಾನ ತಿರುಗಿಸಿದರೆ ಹಿಟ್ಟೂ ನಿಧಾನ. ಹಾಗೆ 60ಕ್ಕೆಂದು ಬರೆದ ಆಟ ನಮ್ಮ 50ರ ಸೆಟ್ಟಿನಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡಿತು. ಯೂರೋಪಿನಲ್ಲೂ 50ರ ಲೆಕ್ಕವೇ. ಆದರೆ ಅಲ್ಲಿಗೆ ಮಾರಿಯೋ ಕಳಿಸುವಾಗ ನಿಂಟೆಂಡೊದವರು ವೇಗ ಹೊಂದಿಸಿ ತಿದ್ದಿ ಕೊಟ್ಟರು. ನಮ್ಮ ನಕಲು ಸೆಟ್ಟಿಗೆ ತಿದ್ದುವವರು ಯಾರು? ಇದ್ದದ್ದು ಇದ್ದ ಹಾಗೇ ಓಡಿತು.

"ಹಾಗಾದರೆ ಹಾಡಿನಲ್ಲೇ ಗೊತ್ತಾಗಬೇಕಿತ್ತಲ್ಲ?" ಎಂದು ಕೇಳಿದಿರೋ? ಒಳ್ಳೆಯ ಪ್ರಶ್ನೆ. ಶ್ರುತಿ ಹಿಡಿಯುವುದು ಚಿಪ್ಪಿನೊಳಗಿನ ಇನ್ನೊಂದು ಗಡಿಯಾರ. ಅದು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ತಾಳ ಮಾತ್ರ ಪರದೆಯ ಸುತ್ತನ್ನು ಅನುಸರಿಸುತ್ತದೆ. ಅಂದರೆ ಶ್ರುತಿ ಅದೇ, ಕಾಲಪ್ರಮಾಣ ಬೇರೆ. ಸಂಗೀತ ಪಾಠಕ್ಕೆ ಹೋದವರಿಗೆ ಥಟ್ಟನೆ ಅರ್ಥವಾದೀತು. ಅದಕ್ಕೇ ಅಣ್ಣನ ಕಿವಿಗೆ ಗೊತ್ತಾಗಲಿಲ್ಲ, ಬೆರಳಿಗೆ ಗೊತ್ತಾಯಿತು.

ಅಂದ ಹಾಗೆ, 1985ರ ಸೆಪ್ಟೆಂಬರ್ 13ರಂದು ಬಂದ ಆ ಇಡೀ ಮಾರಿಯೋ ಆಟ ಹಿಡಿಸಿರುವುದು 40 ಕಿಲೋಬೈಟಿನಲ್ಲಿ. ನಿಮ್ಮ ಫೋನಿನಲ್ಲಿ ತೆಗೆದ ಎರಡು ಎಂಬಿಯ ಒಂದು ಫೋಟೋದ ಜಾಗದಲ್ಲಿ ಅಂಥ ಐವತ್ತು ಆಟ ಇಡಬಹುದು! ಅದಕ್ಕೆ ಎಷ್ಟು ಮಿತವ್ಯಯ ಗೊತ್ತೆ? ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಆಕಾರ ಒಂದೇ. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಸಂಕ್ರಾಂತಿಗೆ ಒಂದೇ ಅಚ್ಚಿನಲ್ಲಿ ಬಿಳಿ, ಗುಲಾಬಿ ಎರಡೂ ಸಕ್ಕರೆ ಅಚ್ಚು ತೆಗೆಯುವುದಿಲ್ಲವೆ, ಹಾಗೆ. ಸಂಸಾರ ಮಾಡುವವರಿಗೆ ಮೆಚ್ಚುಗೆಯಾಗುವ ಬುದ್ಧಿ!

ಕಾಂಟ್ರಾದಲ್ಲಂತೂ ಮೂರು ದೇಶಕ್ಕೆ ಮೂರು ಬಗೆ. 1988ರ ಜಪಾನಿನ ಕ್ಯಾಸೆಟ್ಟಿನಲ್ಲಿ ಕಾಡಿನ ಎಲೆ ಅಲ್ಲಾಡುತ್ತದೆ, ಹಿಮದ ಘಟ್ಟದಲ್ಲಿ ಹಿಮ ಬೀಳುತ್ತದೆ, ಘಟ್ಟ ಘಟ್ಟದ ನಡುವೆ ನಕಾಶೆ ತೋರಿಸಿ ಕಥೆ ಹೇಳುತ್ತಾರೆ. ಕೊನಾಮಿ ಕಂಪನಿ ತನ್ನದೇ ಒಂದು ಹೆಚ್ಚಿನ ಚಿಪ್ಪು ಕೂರಿಸಿದ್ದರಿಂದ ಅದು ಸಾಧ್ಯವಾಯಿತು. ಅದೇ ವರ್ಷದ ಅಮೆರಿಕದ ಕ್ಯಾಸೆಟ್ಟಿನಲ್ಲಿ ಆ ಚಿಪ್ಪಿಲ್ಲ. ಎಲೆ ಅಲ್ಲಾಡದು, ಹಿಮ ಬೀಳದು. ಯೂರೋಪಿನದ್ದಕ್ಕೆ ಹೆಸರೇ ಬೇರೆ, ಪ್ರೊಬೊಟೆಕ್ಟರ್. ಮನುಷ್ಯರ ಬದಲು ಯಂತ್ರಮಾನವರು! ಆಟ ಒಂದೇ, ಊರಿಂದೂರಿಗೆ ಸಾರಿನ ಹದ ಬದಲಾದ ಹಾಗೆ. ಯಾವುದು ರುಚಿ ಎಂದರೆ, ಅವರವರ ಅಮ್ಮ ಮಾಡಿದ್ದೇ ರುಚಿ.

ಯಾವುದಕ್ಕೆ ದುಡ್ಡು ಹಾಕಬಹುದು?

ನಮ್ಮ ಮನೆಯಲ್ಲಿ ಈಗ ಮೂರು ಬಗೆಯ ಸೆಟ್ಟು ಇವೆ. ಬಳಸಿ ನೋಡಿ ಹೇಳುತ್ತಿದ್ದೇನೆ.

*ಅಟ್ಟದ ಹಳೇ ಸೆಟ್ಟು.* ಖರ್ಚಿಲ್ಲ, ನಡೆ ನಮಗೆ ಗೊತ್ತಿದ್ದದ್ದೇ. ಡಬ್ಬಾ ಟಿವಿ ಇದ್ದರೆ ಇದರಷ್ಟು ಸುಖ ಇನ್ನೊಂದಿಲ್ಲ, ಗುಂಡಿ ಒತ್ತಿದ ಕ್ಷಣಕ್ಕೇ ಮಾರಿಯೋ ಹಾರುತ್ತಾನೆ. ಹೊಸ ಚಪ್ಪಟೆ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ ಒಂದು ಚೂರು ತಡ. ಅದರ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಎಂದಿದ್ದರೆ ಹಾಕಿಕೊಳ್ಳಿ, ತಡ ಕಡಿಮೆಯಾಗುತ್ತದೆ. ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಚಪ್ಪಟೆ ಟಿವಿಯಲ್ಲಿ ನಡೆಯುವುದಿಲ್ಲ. ಕುದುರೆ ಎಳೆದಾಗ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಒಂದು ಕ್ಷಣ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಕಣ್ಣು ಅದನ್ನು ಆ ಕ್ಷಣಕ್ಕೇ ಕಾಣಬೇಕು. ತಡವಾದರೆ ಗುರಿ ತಪ್ಪಿತೆಂದೇ ಲೆಕ್ಕ. ಬಂದೂಕು ಕೆಟ್ಟಿದೆ ಎಂದು ಎಸೆದವರು ಎಷ್ಟು ಜನವೋ!

*ಅಮೆರಿಕದ ಪುಟ್ಟ ಪೆಟ್ಟಿಗೆ.* ನಿಂಟೆಂಡೊದವರೇ 2016ರಲ್ಲಿ ಮಾಡಿ, 2018ರಲ್ಲಿ ಮತ್ತೊಮ್ಮೆ ಬಿಟ್ಟು, ಆಮೇಲೆ ನಿಲ್ಲಿಸಿದ್ದು. ಒಳಗೇ 30 ಆಟ. ಎಚ್‌ಡಿಎಂಐ ತಂತಿಯಿಂದ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಮೊಬೈಲ್ ಚಾರ್ಜರೇ ಸಾಕು. ಒಂದೊಂದು ಆಟವನ್ನೂ ನಾಲ್ಕು ಕಡೆ ನಿಲ್ಲಿಸಿ ಗುರುತಿಡಬಹುದು. ಕುಕ್ಕರ್ ಕೂಗಿದರೆ ಎದ್ದು ಹೋಗಿ ಬಂದು ಅಲ್ಲಿಂದಲೇ ಮುಂದುವರಿಸಿ! ಇದೊಂದು ನಮ್ಮ ಕಾಲದಲ್ಲಿ ಇದ್ದಿದ್ದರೆ! ದೋಷ ಏನೆಂದರೆ ರಿಮೋಟಿನ ವೈರು ಎರಡೂವರೆ ಅಡಿ ಮಾತ್ರ, ಟಿವಿ ಬುಡದಲ್ಲೇ ಕೂರಬೇಕು. ಇನ್ನೊಂದು ದೋಷ ನನಗೆ ದೊಡ್ಡದು. ಡಬ್ಬಿಯಲ್ಲಿ ಬರುವುದು ಒಂದೇ ರಿಮೋಟು. ಎರಡನೆಯದನ್ನು ಬೇರೆ ಕೊಳ್ಳಬೇಕು. ಕೊಳ್ಳದಿದ್ದರೆ ಎರಡನೆಯವರಿಗೆ ಸರದಿಯೇ ಇಲ್ಲ! ತಯಾರಿ ನಿಂತು ಹೋಗಿರುವುದರಿಂದ ಈಗ ನಕಲಿಯೂ ಓಡಾಡುತ್ತಿವೆ, ಜೋಕೆ. ಇದರ ನಡೆ 60ರದ್ದು.

*ಜಾತ್ರೆಯ ಸೆಟ್ಟು.* '620 ಆಟ' ಎಂದು ಡಬ್ಬಿ ಮೇಲೆ ಅಚ್ಚು ಹಾಕಿರುತ್ತಾರೆ. ಕೊಂಡು ತಂದೆ. ಒಂದೇ ಆಟಕ್ಕೆ ನಾಲ್ಕು ಹೆಸರು, ಮಾರಿಯೋನ ಟೋಪಿ ಬಣ್ಣ ಬದಲಿಸಿ ಇನ್ನೊಂದು ಆಟ! ಹಿಂದೆಯೂ '9999 ಆಟ' ಎಂದು ಹಳದಿ ಕ್ಯಾಸೆಟ್ಟು ಮಾರಿರಲಿಲ್ಲವೆ, ಅದೇ ಜಾತಿ. ಬಾಣದ ಗುಂಡಿ ಗಟ್ಟಿ, ಅರ್ಧ ಗಂಟೆಗೆ ಹೆಬ್ಬೆರಳು ಕೆಂಪಾಯಿತು. ಆದರೂ ಎರಡು ರಿಮೋಟು ಕೊಟ್ಟಿದ್ದಾರೆ, ಬೆಲೆಯೂ ಕೈಗೆಟಕುತ್ತದೆ. ಮಳೆಗಾಲದ ಭಾನುವಾರ ಮಕ್ಕಳನ್ನು ಕೂರಿಸಲು ಸಾಕು, ಹೆಚ್ಚು ನಿರೀಕ್ಷೆ ಬೇಡ. ಅಂಗಡಿಯಲ್ಲೇ ಹಾಕಿಸಿ ನೋಡಿ ತನ್ನಿ.

ಆದ್ದರಿಂದ ಕೊಳ್ಳುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದು ಯಾರಿಗೆ? ಮಕ್ಕಳಿಗಾದರೆ 60ರ ನಡೆಯದ್ದೇ ಇರಲಿ, ಆಟ ಬರೆದವರು ಬರೆದದ್ದು ಹಾಗೇ. ನಿಮಗೋ, ನಿಮ್ಮವರಿಗೋ, ಅಣ್ಣ ತಮ್ಮಂದಿರಿಗೋ ಆದರೆ ಮೊದಲು ಅಟ್ಟ ಹತ್ತಿ ನೋಡಿ. ಇಲ್ಲವಾದರೆ ಸಾವಿರಾರು ರೂಪಾಯಿ ಸುರಿದು, ಗುಂಡಿಗೆ ಬಿದ್ದು, "ನನಗೆ ವಯಸ್ಸಾಯಿತು" ಎಂದು ಸುಮ್ಮನೆ ಕೊರಗಬೇಕಾದೀತು.

ಹಳೇ ಸೆಟ್ಟಿಗೆ ಜೀವ ಕೊಡುವ ಮುನ್ನ

- ಕ್ಯಾಸೆಟ್ಟಿಗೆ ಉಫ್ ಎಂದು ಊದಬೇಡಿ. ನಾವೆಲ್ಲ ಊದಿದವರೇ! ಉಸಿರಿನ ತೇವಕ್ಕೆ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಗೆ ಒಂದು ತೊಟ್ಟು ಹಾಕಿ ಒರೆಸಿ, ಪೂರಾ ಆರಿದ ಮೇಲೆ ಸಿಕ್ಕಿಸಿ.
- ಅಡಾಪ್ಟರು ಕಳೆದಿದ್ದರೆ ಕೈಗೆ ಸಿಕ್ಕಿದ್ದು ಹಾಕಬೇಡಿ. ಸೆಟ್ಟಿನ ಕೆಳಗೆ ಬರೆದ ವೋಲ್ಟು, ಪ್ಲಸ್ಸು ಮೈನಸ್ಸಿನ ಗುರುತು ಎರಡೂ ಹೊಂದಬೇಕು. ರೇಡಿಯೋ ರಿಪೇರಿಯವರಿಗೆ ತೋರಿಸಿ. ಹಳೇ ಅಡಾಪ್ಟರಿನ ವೈರು ಬಿರುಕು ಬಿಟ್ಟಿದ್ದರೆ ಅದನ್ನು ಎಸೆಯುವುದೇ ಕ್ಷೇಮ.
- ಹೊರದೇಶದಿಂದ ತರಿಸಿದ ಹಳೇ ಸೆಟ್ಟಾದರೆ ಇನ್ನೂ ಎಚ್ಚರಿಕೆ. ಜಪಾನಿನ ಕರೆಂಟು 100 ವೋಲ್ಟು, ಅಮೆರಿಕದ್ದು 120. ಅಲ್ಲಿಯ ಅಡಾಪ್ಟರನ್ನು ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ನಮ್ಮ ಹಳೇ ಟಿವಿಯಲ್ಲಿ ಅದರ ಚಿತ್ರ ಕಪ್ಪು ಬಿಳುಪಾಗಿಯೋ, ಮೇಲಿಂದ ಕೆಳಕ್ಕೆ ಉರುಳುತ್ತಲೋ ಬಂದೀತು.
- ಹೊಸ ಟಿವಿಯಲ್ಲಿ ಹಳದಿ, ಕೆಂಪು, ಬಿಳಿ ತೂತು ಕಾಣದಿದ್ದರೆ ಗಾಬರಿಯಾಗಬೇಡಿ. ಕೆಲವಕ್ಕೆ ಒಂದೇ ಸಣ್ಣ ತೂತು ಇದ್ದು, ಅದಕ್ಕೆ ಬೇರೆ ಜೋಡಣೆ ವೈರು ಬೇಕಾಗುತ್ತದೆ.
- ಪ್ಲಾಸ್ಟಿಕ್ಕು ಹಳದಿಯಾಗಿದ್ದರೆ ಹಾಗೇ ಇರಲಿ. ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಡಿ. ನಮಗೂ ಕೂದಲು ನೆರೆತಿಲ್ಲವೆ?

ಮಾರನೇ ದಿನದ ಮಾತು ಹೇಳಿ ಮುಗಿಸುತ್ತೇನೆ. ಅಣ್ಣ ಕಾಫಿ ಕುಡಿದು ಚೀಲ ಕಟ್ಟುತ್ತಿದ್ದ. "ಐದು ನಿಮಿಷ ಬಾ" ಎಂದು ಅತ್ತೆಯವರ ಕೋಣೆಗೆ ಕರೆದೆ. ಡಬ್ಬಾ ಟಿವಿ, ಕೆನೆಬಣ್ಣದ ಪೆಟ್ಟಿಗೆ. ನೋಡಿ ನಿಂತೇಬಿಟ್ಟ. "ಇದು ನಿನ್ನ ಹತ್ರ ಇತ್ತಾ?" ಎಂದ. "ಗುಜರಿ ಗಾಡಿಯಿಂದ ತಂದೆ" ಅಂದೆ. ಅವನು ಮಾತಾಡಲಿಲ್ಲ. ನೆಲದ ಮೇಲೆ ಕೂತು, ಮೊದಲನೇ ರಿಮೋಟು ತೆಗೆದುಕೊಂಡ. ಗೂಂಬಾ ದಾಟಿತು, ಗುಂಡಿ ದಾಟಿತು, ಮೆಟ್ಟಿಲು ಹತ್ತಿ ಬಾವುಟದ ತುದಿಗೆ ಹಾರಿದ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಗಡಿಯಾರ ಹಿಡಿದು ನೋಡಿದ 48 ಸೆಕೆಂಡಿನ ಲೆಕ್ಕ ಹೇಳಿದೆ. "ಅಂದ್ರೆ ನಂಗೆ ವಯಸ್ಸಾಗಿಲ್ಲ ಅನ್ನು" ಎಂದು ನಕ್ಕ. "ವಯಸ್ಸಾಗಿದೆ, ಕೈ ಹೋಗಿಲ್ಲ ಅಷ್ಟೇ" ಅಂದೆ.

ಎರಡನೇ ಘಟ್ಟ ಶುರುವಾಗುವಾಗ ರಿಮೋಟು ನನ್ನ ಕಡೆ ಚಾಚಿದ. "ತಗೋ, ನೀನಾಡು. ನಿನ್ನ ಸರದಿ ಬಹಳ ಬಾಕಿ ಇದೆ."

ನಾನು ಕೂತೆ. ಒಲೆ ಮೇಲೆ ಹಾಲಿತ್ತು. ಉಕ್ಕಿತು. ಉಕ್ಕಲಿ ಬಿಡಿ, ಅತ್ತಿಗೆ ಇಳಿಸಿದರು. ಅಣ್ಣ ಹತ್ತರ ಬಸ್ಸು ಬಿಟ್ಟು ಸಂಜೆ ಬಸ್ಸಿಗೆ ಹೋದ. ಹೋಗುವಾಗ ಮುಂದಿನ ಗೌರಿಗೂ ಬರುತ್ತೇನೆಂದ. ಮನೆ ಮಾರಿದ ಮಾತು ಇಬ್ಬರೂ ಎತ್ತಲಿಲ್ಲ, ಎತ್ತುವ ಅಗತ್ಯ ಕಾಣಲಿಲ್ಲ.

ಅದಕ್ಕೇ ಸೋದರಿಯರೆ, ದೀಪಾವಳಿಗೆ ಅಟ್ಟ ಗುಡಿಸುವಾಗ ಅಂಥ ಪೆಟ್ಟಿಗೆ ಸಿಕ್ಕರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಸಿಕ್ಕಿಸಿ ನೋಡಿ. ನಡೆದರೆ ಯಾರೊಂದಿಗೆ ಆಡುತ್ತಿದ್ದಿರೋ ಅವರಿಗೊಂದು ಫೋನು ಮಾಡಿ. ನಿಮ್ಮ ಮನೆಯ ಸೆಟ್ಟಿನಲ್ಲಿ 400ರಿಂದ 300ಕ್ಕೆ ಎಷ್ಟು ಸೆಕೆಂಡು ಬಂತು, ನನಗೂ ಒಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮಿಕ್ಕಿದ ಚಕ್ಕುಲಿ ಮೆತ್ತಗಾಗದ ಹಾಗೆ ಇಡುವ ಬಗೆ ಹೇಳುತ್ತೇನೆ. ಬರಲೇ?